ಆರ್ಕೇಡ್ ಪರದೆಯಲ್ಲಿ ಒಂದೇ ಗೆರೆ: ಐಸಿ ಕೊಳ್ಳುವ ಮೊದಲು ಬೆಸುಗೆ ನೋಡಿ

ನಿಮ್ಮ ಪ್ರಶ್ನೆ ಇದು: ‘ಗುಜರಿಯಿಂದ ಹಳೆಯ ಆರ್ಕೇಡ್ ಗೇಮ್ ಯಂತ್ರ ತಂದಿದ್ದೇನೆ. ಆನ್ ಮಾಡಿದರೆ ಆಟದ ಸದ್ದು ಸರಿಯಾಗಿ ಬರುತ್ತದೆ. ಪರದೆಯಲ್ಲಿ ಮಾತ್ರ ನಡುವೆ ಅಡ್ಡಲಾಗಿ ಒಂದೇ ಬಿಳಿ ಗೆರೆ. ಪಿಕ್ಚರ್ ಟ್ಯೂಬ್ ಹೋಗಿದೆಯೇ? ಎಲ್‌ಸಿಡಿ ಹಾಕಿಸಲೇ?’

ಟ್ಯೂಬ್ ಹೋಗಿಲ್ಲ, ಆ ಗೆರೆಯೇ ಅದಕ್ಕೆ ಸಾಕ್ಷಿ. ಆದರೆ ಮೊದಲು ಬ್ರೈಟ್‌ನೆಸ್ ಪೂರ್ತಿ ಇಳಿಸಿ. ಇಡೀ ಪರದೆಗೆ ಹರಡಬೇಕಾದ ಕಿರಣವೆಲ್ಲ ಒಂದೇ ಜಾಗಕ್ಕೆ ಬಡಿಯುತ್ತಿರುವುದರಿಂದ ಹೀಗೇ ಬಿಟ್ಟರೆ ಪರದೆಯ ಒಳಗಿನ ಫಾಸ್ಫರ್ ಲೇಪ ಸುಟ್ಟು ಗೆರೆಯ ಕಲೆ ಶಾಶ್ವತವಾಗಿ ಉಳಿಯುತ್ತದೆ. ಆಮೇಲೆ ನಿಜವಾಗಿಯೂ ಟ್ಯೂಬ್ ಹೋದಂತೆ.

ಟ್ಯೂಬಿಗೆ ಬೇಕಾದ 20,000 ವೋಲ್ಟಿನ ಆಸುಪಾಸಿನ ಇಎಚ್‌ಟಿ (ಅತಿ ಹೆಚ್ಚಿನ ವೋಲ್ಟೇಜ್) ಬರುವುದು ಕಿರಣವನ್ನು ಅಡ್ಡಲಾಗಿ ಓಡಿಸುವ ಲೈನ್ ಸೆಕ್ಷನ್ನಿನಿಂದ, ಅಂದರೆ ಎಲ್‌ಒಟಿಯಿಂದ (ಲೈನ್ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್). ಅದು ಸತ್ತಿದ್ದರೆ ಗೆರೆಯೂ ಇರುತ್ತಿರಲಿಲ್ಲ. ಸದ್ದು ಬರುತ್ತಿದೆ ಅಂದಮೇಲೆ ಗೇಮ್ ಬೋರ್ಡಿಗೂ ಅದರ 5 ವೋಲ್ಟ್ ಸಪ್ಲೈಗೂ ಜೀವವಿದೆ. ಕಿರಣ ಎಡದಿಂದ ಬಲಕ್ಕೆ ಓಡಾಡುತ್ತಿದೆ, ಮೇಲಿನಿಂದ ಕೆಳಕ್ಕೆ ಇಳಿಯುತ್ತಿಲ್ಲ. ಹಾಗಾಗಿ ಹುಡುಕಬೇಕಾದದ್ದು ವರ್ಟಿಕಲ್ ಸೆಕ್ಷನ್ನಿನಲ್ಲಿ. (ಪ್ಯಾಕ್‌ಮ್ಯಾನ್, ಗ್ಯಾಲಗಾದಂಥ ಆಟಗಳ ಪೆಟ್ಟಿಗೆಯಲ್ಲಿ ಟ್ಯೂಬನ್ನೇ 90 ಡಿಗ್ರಿ ತಿರುಗಿಸಿ ಕೂರಿಸಿರುತ್ತಾರೆ. ಅಲ್ಲಿ ಇದೇ ದೋಷಕ್ಕೆ ಗೆರೆ ನೆಟ್ಟಗೆ ನಿಂತಿರುತ್ತದೆ. ಯೋಕಿನ, ಅಂದರೆ ಟ್ಯೂಬಿನ ಕತ್ತಿನ ಸುತ್ತ ಕೂತು ಕಿರಣವನ್ನು ಬಾಗಿಸುವ ಸುರುಳಿಗಳ, ವೈರ್ ಎಲ್ಲಿಗೆ ಹೋಗುತ್ತದೆ ನೋಡಿಕೊಂಡು ತೀರ್ಮಾನಿಸಿ.)

ತೊಂಬತ್ತರ ದಶಕದಲ್ಲಿ ನಾನು ದಾವಣಗೆರೆಯ ಟಿವಿ ರಿಪೇರಿ ಅಂಗಡಿಯೊಂದರಲ್ಲಿ ಕೆಲಸ ಕಲಿಯುತ್ತಿದ್ದೆ. ಹತ್ತಿರದಲ್ಲೇ ಒಂದು ವಿಡಿಯೋ ಗೇಮ್ ಅಂಗಡಿ, ನಾಲ್ಕು ಪ್ಲೈವುಡ್ ಪೆಟ್ಟಿಗೆ, ಒಂದು ರೂಪಾಯಿ ಹಾಕಿದರೆ ಒಂದು ಆಟ. ಅದರಲ್ಲೊಂದಕ್ಕೆ ನಿಮ್ಮದೇ ಗೆರೆ ಬಂತು. ನಾನು ಹೊಸ ಹುರುಪಿನಲ್ಲಿ ವರ್ಟಿಕಲ್ ಐಸಿ ಬದಲಿಸಿದೆ, ಚಿತ್ರ ಬಂತು, ಕಾಲರ್ ಮೇಲೆ ಮಾಡಿಕೊಂಡು ಬಂದೆ. ಎರಡೇ ದಿನಕ್ಕೆ ಮತ್ತೆ ಗೆರೆ. ಇನ್ನೊಂದು ಐಸಿ ಹಾಕಿದೆ, ಅದೇ ಕತೆ. ಮೂರನೆಯ ಸಲ ನಮ್ಮ ಅಂಗಡಿಯ ಹಿರಿಯರು ತಾವೇ ಬಂದರು. ಮೀಟರ್ ಕೂಡ ಹೊರಗೆ ತೆಗೆಯಲಿಲ್ಲ. ಪ್ಲಾಸ್ಟಿಕ್ ಕಡ್ಡಿಯಿಂದ ಯೋಕ್ ಕನೆಕ್ಟರ್ ಪಕ್ಕ ಮೆಲ್ಲಗೆ ತಟ್ಟಿದರು. ಗೆರೆ ಪಟ್ಟನೆ ಬಿಚ್ಚಿಕೊಂಡು ಚಿತ್ರವಾಯಿತು, ಮತ್ತೆ ಮುಚ್ಚಿಕೊಂಡಿತು. ಬೋರ್ಡ್ ತಿರುವಿ ಹಾಕಿ ತೋರಿಸಿದರು: ಪಿನ್ನಿನ ಸುತ್ತ ಬೆಸುಗೆಯಲ್ಲಿ ಕೂದಲೆಳೆಯಷ್ಟು ಉಂಗುರದ ಬಿರುಕು. ಡ್ರೈ ಸೋಲ್ಡರ್. ನಾನು ಐಸಿ ಕಿತ್ತು ಹಾಕುವಾಗ ಬೋರ್ಡ್ ಅಲುಗಾಡಿ ಅದು ತಾತ್ಕಾಲಿಕವಾಗಿ ಕೂಡಿಕೊಂಡಿತ್ತು, ಅಷ್ಟೇ. ನನ್ನ ಐಸಿಗಳು ಯಾವ ಪಾಪವನ್ನೂ ಮಾಡಿರಲಿಲ್ಲ.

ಗೇಮ್ ಮಾನಿಟರಿನಲ್ಲಿ ಇದು ಟಿವಿಗಿಂತ ಹೆಚ್ಚು. ಮುಚ್ಚಿದ ಪೆಟ್ಟಿಗೆಯೊಳಗೆ ದಿನವಿಡೀ ಕಾಯುತ್ತದೆ, ರಾತ್ರಿ ತಣ್ಣಗಾಗುತ್ತದೆ. ಸೋತ ಹುಡುಗರು ಕೊಡುವ ಗುದ್ದು ಬೇರೆ. ಹಾಗಾಗಿ ಯೋಕ್ ಕನೆಕ್ಟರ್, ಎಲ್‌ಒಟಿ ಕಾಲುಗಳು, ಹೀಟ್‌ಸಿಂಕಿಗೆ ಕಚ್ಚಿಸಿದ ಐಸಿ, ಈ ಮೂರು ಕಡೆ ಹಳೆಯ ಬೆಸುಗೆ ಹೀರಿ ತೆಗೆದು ಹೊಸದಾಗಿ ಹಾಕಿ. ಮೇಲೆ ಸುಮ್ಮನೆ ಸವರಿದರೆ ಸಾಲದು.

ಕೈ ಹಾಕುವ ಮೊದಲು ಒಂದು ಮಾತು, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಪ್ಲಗ್ ಕಿತ್ತ ಮೇಲೂ ಟ್ಯೂಬಿನಲ್ಲಿ ಚಾರ್ಜ್ ಉಳಿದಿರುತ್ತದೆ. ಒಳ್ಳೆಯ ಹಿಡಿಯ ಸ್ಕ್ರೂಡ್ರೈವರಿಗೆ ಕ್ಲಿಪ್ ವೈರ್ ಕಟ್ಟಿ, ಅದರ ಇನ್ನೊಂದು ತುದಿಯನ್ನು ಟ್ಯೂಬಿನ ಬೆನ್ನ ಮೇಲಿರುವ ಹೆಣೆದ ತಾಮ್ರದ ತಂತಿಗೆ ಸಿಕ್ಕಿಸಿ, ಬೋರ್ಡಿನ ಗ್ರೌಂಡಿಗೆ ಬೇಡ. ಒಂದು ಕೈ ಬೆನ್ನ ಹಿಂದೆ ಇಟ್ಟುಕೊಂಡು ದಪ್ಪ ಇಎಚ್‌ಟಿ ವೈರ್ ಟ್ಯೂಬಿಗೆ ಸೇರುವ ಜಾಗದ ರಬ್ಬರ್ ಕಪ್ಪಿನ ಕೆಳಗೆ ತುದಿ ತೂರಿಸಿ. ಐದು ನಿಮಿಷ ಬಿಟ್ಟು ಇನ್ನೊಮ್ಮೆ ಮಾಡಿ, ಏಕೆಂದರೆ ಚಾರ್ಜ್ ಸ್ವಲ್ಪ ಮರಳಿ ಬರುತ್ತದೆ. ಟ್ಯೂಬಿನ ಕತ್ತು ತಾಗದಂತೆ ನೋಡಿಕೊಳ್ಳಿ, ಅದು ಬಳೆಯ ಹಾಗೆ ಮುರಿಯುತ್ತದೆ. ನಿಮ್ಮದು ಅಮೆರಿಕದ ಯಂತ್ರವಾಗಿದ್ದು ವೆಲ್ಸ್ ಗಾರ್ಡ್ನರ್ ಕೆ7000 ಅಥವಾ ಎಲೆಕ್ಟ್ರೋಹೋಮ್ ಜಿ07 ಥರದ ಚಾಸಿ (ಮಾನಿಟರಿನ ಸರ್ಕ್ಯೂಟ್ ಬೋರ್ಡ್) ಇದ್ದರೆ, ಅದಕ್ಕೆ ವೋಲ್ಟೇಜ್ ಇಳಿಸಿ ಮನೆಯ ಲೈನಿನಿಂದ ಬೇರ್ಪಡಿಸುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಕಡ್ಡಾಯ. ನಮ್ಮ 230 ವೋಲ್ಟಿಗೆ ನೇರ ಚುಚ್ಚಿದರೆ ಮಾನಿಟರ್ ಸುಡುತ್ತದೆ, ಟ್ರಾನ್ಸ್‌ಫಾರ್ಮರ್ ಇಲ್ಲದೆ ಮುಟ್ಟಿದರೆ ಚಾಸಿ ಹೊಡೆಯುತ್ತದೆ.

ಬೆಸುಗೆ ಹಾಕಿದರೂ ಗೆರೆ ಹೋಗದಿದ್ದರೆ ಮೀಟರ್ ತೆಗೆಯಿರಿ. ಪವರ್ ಇಲ್ಲದಾಗ ಯೋಕ್ ಕನೆಕ್ಟರ್ ಕಳಚಿ ವರ್ಟಿಕಲ್ ಸುರುಳಿಯ ಓಂ ಅಳೆಯಿರಿ. ಸಾಮಾನ್ಯವಾಗಿ ಹತ್ತರ ಆಸುಪಾಸು, ಮಾಡೆಲ್ ಮೇಲೆ ಹೆಚ್ಚು ಕಡಿಮೆ. ಏನೂ ತೋರಿಸದಿದ್ದರೆ ಸುರುಳಿ ಓಪನ್. ಅದು ಸರಿ ಇದ್ದರೆ ವರ್ಟಿಕಲ್ ಐಸಿಗೆ ಸಪ್ಲೈ ಬರುತ್ತಿದೆಯೇ ನೋಡಿ. ಚೀನಾ ಚಾಸಿಗಳಲ್ಲಿ ಸಾಮಾನ್ಯವಾದ ಎಲ್‌ಎ7840 ಇದ್ದರೆ ಸುಮಾರು 24 ವೋಲ್ಟ್ ಇರಬೇಕು. ಈ ಸಪ್ಲೈ ಅನೇಕ ಚಾಸಿಗಳಲ್ಲಿ ಎಲ್‌ಒಟಿಯಿಂದಲೇ ಒಂದು ಡಯೋಡ್, ಫ್ಯೂಸಿನಂತೆ ಸುಡುವ ಒಂದು ಫ್ಯೂಸಿಬಲ್ ರೆಸಿಸ್ಟರ್ ದಾಟಿ ಬರುತ್ತದೆ. ರೆಸಿಸ್ಟರ್ ಸುಟ್ಟಿದ್ದರೆ ಅದನ್ನಷ್ಟೇ ಬದಲಿಸಿ ಆನ್ ಮಾಡಬೇಡಿ. ಅದು ಸುಮ್ಮನೆ ಸುಟ್ಟಿರುವುದಿಲ್ಲ, ಐಸಿ ಶಾರ್ಟ್ ಆಗಿರುವುದೇ ಹೆಚ್ಚು. ಈಗ ಐಸಿ ಕೊಳ್ಳಿ, ಈಗ ತಪ್ಪಿಲ್ಲ.

ಚಿತ್ರ ಬಿಚ್ಚಿಕೊಂಡ ಮೇಲೆ ಮೇಲ್ತುದಿ ಸೀರೆಯ ನೆರಿಗೆಯಂತೆ ಮಡಚಿ ಬಿಳಿ ಗೆರೆಗಳು ಕಂಡರೆ ಐಸಿ ಪಕ್ಕದ ಸಣ್ಣ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಣಗಿದೆ. ಹತ್ತಿಪ್ಪತ್ತು ರೂಪಾಯಿಯ ಮಾಲು. ಬೆಂಗಳೂರಿನವರಾದರೆ ಎಸ್‌.ಪಿ. ರೋಡಿನಲ್ಲಿ ಸಿಗುತ್ತದೆ. 105 ಡಿಗ್ರಿ ಶಾಖ ತಡೆಯುವಂಥದ್ದೇ ಕೇಳಿ ತೆಗೆದುಕೊಳ್ಳಿ.

ಇನ್ನು ಎಲ್‌ಸಿಡಿ. ಚಾಸಿ ಕೆಟ್ಟರೆ ಇನ್ನೊಂದು ಚಾಸಿ ಹೊಂದಿಸಬಹುದು, ಕೈಯಲ್ಲಿರುವ ಒಳ್ಳೆಯ ಟ್ಯೂಬ್ ಎಸೆದರೆ ಹೊಸದು ತಯಾರಾಗುವುದಿಲ್ಲ. ಕತ್ತಿನೊಳಗೆ ಹೀಟರ್ ಕೆಂಪಗೆ ಉರಿಯದಿದ್ದರೆ, ಅಥವಾ ಹತ್ತು ನಿಮಿಷ ಕಾದರೂ ಬಣ್ಣ ಮಂಕಾಗಿಯೇ ಇದ್ದರೆ ಆಗ ಯೋಚಿಸಿ. ಆಗಲೂ ಕಂಪ್ಯೂಟರಿನ ಮಾನಿಟರನ್ನು ನೇರ ಜೋಡಿಸಲಾಗದು. ಚಿತ್ರದ ಅಡ್ಡಗೆರೆಗಳ ವೇಗ ಆಟದ ಬೋರ್ಡ್ ಕೊಡುವುದು ಸುಮಾರು 15.7 ಕಿಲೋಹರ್ಟ್ಸ್, ಕಂಪ್ಯೂಟರ್ ಮಾನಿಟರಿನ ವಿಜಿಎ ಕೇಳುವುದು 31.5. ನಡುವೆ ಜಿಬಿಎಸ್-8200 ಥರದ ಕನ್ವರ್ಟರ್ ಬೇಕು. ನಿಮ್ಮ ಬೋರ್ಡಿನದು 56 ಪಿನ್ನಿನ ಜಾಮಾ ಕನೆಕ್ಟರ್ (ಆರ್ಕೇಡ್ ಬೋರ್ಡುಗಳ ಸಾಮಾನ್ಯ ಜೋಡಣೆ ಮಾದರಿ) ಆಗಿದ್ದರೆ ಕೆಂಪು 12ರಲ್ಲಿ, ನೀಲಿ 13ರಲ್ಲಿ, ವಿಡಿಯೋ ಗ್ರೌಂಡ್ 14ರಲ್ಲಿ. ಹಿಂಬದಿಯಲ್ಲಿ ಪಿನ್ನುಗಳಿಗೆ ಅಕ್ಷರದ ಹೆಸರು: ಹಸಿರು ಎನ್‌ನಲ್ಲಿ, ಸಿಂಕ್ ಪಿಯಲ್ಲಿ.

ಬೋರ್ಡಿನ ಬೆಸುಗೆಯ ಕಡೆಯದೊಂದು ಫೋಟೋ, ಐಸಿ ನಂಬರ್ ಕಾಣುವಂತೆ ಇನ್ನೊಂದು, ಎರಡನ್ನೂ ಹಾಕಿ. ಯೋಕಿನ ಓಂ ಎಷ್ಟು ಬಂತು ಅನ್ನುವುದನ್ನೂ ಬರೆಯಿರಿ.