‘ಎಲ್ಲಾ ಸರಿ ಉಂಟು’ ಎಂದವರು ಮರುವಾರ ಏಕೆ ಬರುವುದಿಲ್ಲ?

ಓದುಗರ ಪ್ರಶ್ನೆ, ತಜ್ಞರ ಉತ್ತರ. ಈ ಸಂಚಿಕೆಯಲ್ಲಿ: ವ್ಯಸನಮುಕ್ತಿ ಚಿಕಿತ್ಸೆ

ಪ್ರಶ್ನೆ: ನಾನು ವ್ಯಸನಮುಕ್ತಿ ಕೇಂದ್ರವೊಂದರಲ್ಲಿ ಆಪ್ತಸಮಾಲೋಚಕಿ. ಮನೆಗೆ ಹೊರಡುವ ದಿನ ಎಲ್ಲರಿಂದಲೂ ಅಭಿಪ್ರಾಯದ ಫಾರಂ ತುಂಬಿಸಿಕೊಳ್ಳುತ್ತೇವೆ. ಹೆಚ್ಚಿನವರು ‘ಉತ್ತಮ’ ಎಂದೇ ಗುರುತು ಹಾಕುತ್ತಾರೆ. ಆದರೆ ಅರ್ಧದಲ್ಲೇ ಬಿಟ್ಟುಹೋಗುವವರು ಕಡಿಮೆಯಾಗಿಲ್ಲ. ಫಾರಂನಲ್ಲಿ ಏನು ಬದಲಿಸಬೇಕು?
– ಓದುಗರು, ಉಡುಪಿ

ಉತ್ತರ: ಫಾರಂಗಿಂತ ಮೊದಲು ಅದನ್ನು ಕೊಡುವ ದಿನ ಬದಲಾಗಬೇಕು. ಮೂರನೇ ದಿನವೇ ಬ್ಯಾಗು ಹೆಗಲಿಗೇರಿಸಿ ಹೊರಟವರು ನಿಮ್ಮ ಫಾರಂ ಕಂಡೇ ಇರುವುದಿಲ್ಲ. ಕೊನೆಯವರೆಗೆ ಉಳಿದವರನ್ನಷ್ಟೇ ಕೇಳಿದರೆ ಹೋದವರ ಕಾರಣ ಹೇಗೆ ಗೊತ್ತಾಗಬೇಕು? ಹೊರಡುವ ದಿನ ಬರೆದ ದೂರಿನಿಂದ ಬರೆದವರಿಗೆ ಪ್ರಯೋಜನವೂ ಇಲ್ಲ. ಪ್ರತಿ ಭೇಟಿಯಲ್ಲೂ ಕೇಳಿ, ಸರಿಪಡಿಸಲು ಸಮಯ ಇರುವಾಗಲೇ ಕೇಳಿ.

ಇದಕ್ಕೆ ಒಂದೊಂದು ನಿಮಿಷದ ಎರಡು ಚೀಟಿಗಳು ಬಳಕೆಯಲ್ಲಿವೆ: ‘ಔಟ್‌ಕಮ್ ರೇಟಿಂಗ್ ಸ್ಕೇಲ್’ ಮತ್ತು ‘ಸೆಷನ್ ರೇಟಿಂಗ್ ಸ್ಕೇಲ್’. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಸ್ಕಾಟ್ ಮಿಲ್ಲರ್, ಬ್ಯಾರಿ ಡಂಕನ್ ಮತ್ತು ಸಂಗಡಿಗರು ರೂಪಿಸಿದವು. ಬಳಸುವ ಮುನ್ನ ಪರವಾನಗಿ ಪಡೆಯಬೇಕು. ಪ್ರತಿ ಚೀಟಿಯಲ್ಲೂ 10 ಸೆಂಟಿಮೀಟರ್ ಉದ್ದದ ನಾಲ್ಕು ಗೆರೆಗಳು. ಚೆನ್ನಾಗಿಲ್ಲ ಎನಿಸಿದಷ್ಟು ಎಡಕ್ಕೆ, ಚೆನ್ನಾಗಿದೆ ಎನಿಸಿದಷ್ಟು ಬಲಕ್ಕೆ ಒಂದು ಗೀಟು ಎಳೆದರಾಯಿತು. ಅಡಿಪಟ್ಟಿಯಿಂದ ಅಳೆದು ಕೂಡಿಸಿದರೆ 40ಕ್ಕೆ ಎಷ್ಟೆಂದು ಸಿಗುತ್ತದೆ.

ಮೊದಲನೆಯದನ್ನು ಮಾತು ಶುರುವಾಗುವ ಮುನ್ನ ಕೊಡಬೇಕು. ಕಳೆದ ವಾರ ತಾನು ಹೇಗಿದ್ದೆ, ಮನೆಯವರೊಂದಿಗೆ ಹೇಗಿತ್ತು, ಕೆಲಸ ಮತ್ತು ಸ್ನೇಹಿತರ ನಡುವೆ ಹೇಗಿತ್ತು, ಒಟ್ಟಾರೆ ಹೇಗಿತ್ತು ಎಂಬುದು ಅದರಲ್ಲಿದೆ. ವಯಸ್ಕರಲ್ಲಿ 25ಕ್ಕಿಂತ ಕಡಿಮೆ ಬಂದರೆ ಕಷ್ಟದಲ್ಲಿದ್ದಾರೆ ಎಂದರ್ಥ. ಎರಡನೆಯದನ್ನು ಭೇಟಿ ಮುಗಿಯಲು ಐದು ನಿಮಿಷ ಇರುವಾಗ ಕೊಡಿ: ನನ್ನ ಮಾತಿಗೆ ಕಿವಿಗೊಟ್ಟರೇ, ನನಗೆ ಬೇಕಾದ ವಿಷಯ ಬಂತೇ, ಈ ರೀತಿ ನನಗೆ ಹೊಂದುತ್ತದೆಯೇ, ಒಟ್ಟು ಹೇಗಿತ್ತು. ಇಲ್ಲಿ ಗಡಿ 36. ಜನ ಧಾರಾಳವಾಗಿ ಅಂಕ ಕೊಡುವುದರಿಂದಲೇ ಅದು ಅಷ್ಟು ಮೇಲಿದೆ. ಹಾಗಾಗಿ 34 ಬಂದರೆ ‘ಪಾಸು’ ಎಂದು ಮಡಚಿಡಬೇಡಿ. ಕಳೆದ ವಾರ 39 ಇದ್ದು ಈ ವಾರ 37 ಆಗಿದ್ದರೂ ಅಲ್ಲೇ ವಿಚಾರಿಸಿ.

ಜೆರಾಕ್ಸ್ ಮಾಡಿಸುವಾಗ ಗೆರೆ ಕುಗ್ಗುವುದುಂಟು. 9.4 ಸೆಂಟಿಮೀಟರಿಗೆ ಇಳಿದ ಗೆರೆಗಳ ತುತ್ತತುದಿಗೆ ಗೀಟು ಎಳೆದವರಿಗೂ 37.6 ಮಾತ್ರ ಸಿಗುತ್ತದೆ. ಪ್ರತಿ ಕಟ್ಟಿನ ಮೇಲಿನ ಹಾಳೆಯನ್ನು ಅಳೆದು ನೋಡಿಯೇ ಬಳಸಿ.

ನಮ್ಮ ಜಿಲ್ಲೆಗಳ ದೊಡ್ಡ ತೊಡಕು ಅಂಕದ್ದಲ್ಲ, ದಾಕ್ಷಿಣ್ಯದ್ದು. ಡಾಕ್ಟರ ಎದುರು ಕೊರತೆ ಹೇಳಲು ನಮ್ಮವರಿಗೆ ಬಾಯಿ ಬರುವುದಿಲ್ಲ. ‘ಮಾತ ಎಡ್ಡೆ ಉಂಡು’ (ಎಲ್ಲಾ ಸರಿ ಉಂಟು) ಎಂದು ತುಳುವಿನಲ್ಲಿ ಹೇಳಿ ಎದ್ದುಬಿಡುತ್ತಾರೆ. ನಾಲ್ಕಕ್ಕೆ ನಾಲ್ಕೂ ಗೀಟು ಬಲತುದಿಯಲ್ಲಿ, ಅದೂ ಓದದೆ ಸರಸರನೆ ಎಳೆದದ್ದಾದರೆ, ಅದನ್ನು ಮೆಚ್ಚುಗೆ ಎಂದು ಎಣಿಸಬೇಡಿ. ‘ಇವತ್ತು ಹೇಗಿತ್ತು?’ ಎಂದು ಕೇಳಿದರೆ ‘ಒಳ್ಳೆಯದಿತ್ತು’ ಎಂಬ ಉತ್ತರವೇ ಸಿಗುವುದು. ‘ಇವತ್ತು ಮಾತಾಡದೆ ಉಳಿದ ಒಂದು ವಿಷಯ ಹೇಳಿ’ ಎಂದು ಕೇಳಿ, ಸುಮ್ಮನೆ ಕಾಯಿರಿ. ಆಗ ಬರುವ ಉತ್ತರಗಳು ಚಿಕ್ಕವು. ರಾತ್ರಿ ಎರಡಕ್ಕೆ ಎಚ್ಚರವಾದರೆ ಬೆಳಗಿನವರೆಗೆ ಏನು ಮಾಡುವುದು? ಬೆಳ್ತಿಗೆ (ಬಿಳಿ ಅಕ್ಕಿ) ಅನ್ನ ಹೊಟ್ಟೆಗೆ ಹತ್ತುವುದಿಲ್ಲ, ಕುಚ್ಚಲಕ್ಕಿ ಗಂಜಿ ಸಿಗಬಹುದೇ? ಮನೆಗೆ ಫೋನ್ ಯಾವಾಗ? ಮೊದಲ ವಾರದಲ್ಲಿ ನಿದ್ದೆಯಿಲ್ಲದ, ಮೈ ನಡುಗುವ ಮನುಷ್ಯನಿಗೆ ಗಂಟುಮೂಟೆ ಕಟ್ಟಲು ಇಷ್ಟು ಸಾಕು.

ಗೀಟು ಎಳೆಯುವಾಗ ಪಕ್ಕದಲ್ಲಿ ನಿಲ್ಲಬೇಡಿ, ಮನೆಯವರನ್ನೂ ಹೊರಗೆ ಕೂರಿಸಿ. ಓದಲು ಬಾರದವರಿಗೆ ಅವರ ಮಾತಿನಲ್ಲೇ, ತುಳುವೋ ಬ್ಯಾರಿಯೋ ಕೊಂಕಣಿಯೋ, ಓದಿ ಹೇಳಿ ಗೆರೆಯ ಮೇಲೆ ಬೆರಳಿಡಲು ಹೇಳಿ. ಮುಂದಿನ ಭೇಟಿಯನ್ನು ‘ಹೋದ ಸಲ ನೀವು ಹೇಳಿದ್ದಕ್ಕೆ ಇಷ್ಟು ಮಾಡಿದೆವು’ ಎಂದೇ ಆರಂಭಿಸಿ. ಮಾಡಲಾಗದಿದ್ದರೆ ಅದನ್ನೂ ಕಾರಣ ಸಮೇತ ಹೇಳಿ. ಕೇಳಿ ಕೇಳಿ ಏನೂ ಮಾಡದಿದ್ದರೆ ಮೂರನೇ ವಾರಕ್ಕೆ ಎಲ್ಲ ಚೀಟಿಯೂ 40 ಆಗುತ್ತದೆ.

ಪ್ರಶ್ನೆ: ಬೋಟಿನಲ್ಲಿ ದುಡಿಯುವವರು ಮಳೆಗಾಲದಲ್ಲಿ ತಪ್ಪದೆ ಬರುತ್ತಾರೆ, ಆಗಸ್ಟ್ ಬಂತೆಂದರೆ ಕಾಣುವುದೇ ಇಲ್ಲ. ಇವರನ್ನು ಉಳಿಸಿಕೊಳ್ಳುವುದು ಹೇಗೆ?
– ಓದುಗರು, ಮಲ್ಪೆ

ಉತ್ತರ: ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಮೀನುಗಾರಿಕೆ ನಿಷೇಧ. ಚಿಕಿತ್ಸೆಗೆ ಸೇರಲು ಅದು ಒಳ್ಳೆಯ ಕಾಲ, ನಿಜ. ಆದರೆ ‘ಪ್ರತಿ ಮಂಗಳವಾರ ಬನ್ನಿ’ ಎಂದು ಬರೆದುಕೊಟ್ಟ ಚೀಟಿಗೆ ಆಗಸ್ಟಿನ ನಂತರ ಅರ್ಥವಿಲ್ಲ. ಆಳಸಮುದ್ರದ ಬೋಟು ಹತ್ತು ದಿನ ಕಡಲಲ್ಲೇ ಇರುತ್ತದೆ. ಎರಡು ಮಂಗಳವಾರ ತಪ್ಪಿದವರು ಮೂರನೆಯದಕ್ಕೆ ನಾಚಿಕೆಯಿಂದಲೇ ಬರುವುದಿಲ್ಲ.

ಮೊದಲ ಭೇಟಿಯಲ್ಲೇ ‘ಮುಂದಿನ ಸಲ ಬರಲು ಏನೇನು ಅಡ್ಡ ಬರಬಹುದು?’ ಎಂದು ಕೇಳಿ, ಅವರ ಮಾತಿನಲ್ಲೇ ಬರೆದಿಡಿ. ಜುಲೈ ಮೂರನೇ ವಾರ ಮತ್ತೆ ಕೇಳಿ. ಭೇಟಿಗೆ ತಾರೀಕು ಬೇಡ, ‘ದಕ್ಕೆಗೆ (ಬೋಟು ನಿಲ್ಲುವ ಕಡೆಗೆ) ಬಂದ ಮರುದಿನ’ ಎಂದಿರಲಿ. ಆ ದಿನ ಸರದಿಯಲ್ಲಿ ಅರ್ಧ ದಿನ ಕಾಯಿಸಬೇಡಿ. ಪಾಲಿನ ದುಡ್ಡು ಕೈಗೆ ಬರುವುದೂ ಕುಡಿತ ಮರಳುವುದೂ ಆ ಹೊತ್ತಿಗೇ. ಪ್ರವಾಸದ ದಿನಗಳಿಗಿಂತ ನಾಲ್ಕು ದಿನ ಹೆಚ್ಚಿನ ಮಾತ್ರೆಗಳನ್ನು ನೀರು ತಾಗದ ಡಬ್ಬಿಯಲ್ಲಿ ಕೊಡಿ.

ಯಾವ ಮಾತ್ರೆ ಎಂಬುದನ್ನು ವೈದ್ಯರು ತೀರ್ಮಾನಿಸುತ್ತಾರೆ. ಆದರೆ ಕಡಲಿಗೆ ಹೋಗುವ ವಿಷಯ ಅವರಿಗೆ ತಿಳಿದಿರಲೇಬೇಕು. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ತೆಗೆದುಕೊಂಡವರು ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯಬಹುದು. ನಡುಕಡಲಲ್ಲಿ ಆಸ್ಪತ್ರೆ ಎಲ್ಲಿದೆ? ಕುಡಿಯುವ ಹಂಬಲ ತಗ್ಗಿಸುವ ನಾಲ್ಟ್ರೆಕ್ಸೋನ್ ಶುರುವಾದ ಮೊದಲ ದಿನಗಳಲ್ಲಿ ಹೊಟ್ಟೆ ತೊಳಸುವುದುಂಟು. ‘ಮಾತ್ರೆ ನುಂಗಿದ ಮೇಲೆ ಏನಾಗುತ್ತದೆ?’ ಎಂದು ನೇರ ಕೇಳದಿದ್ದರೆ ಅವರು ಮಾತ್ರೆಯನ್ನೂ ಬಿಡುತ್ತಾರೆ, ನಿಮ್ಮನ್ನೂ ಬಿಡುತ್ತಾರೆ.

ಪ್ರಶ್ನೆ: ರೋಗಿಗಳು ಕಡಿಮೆ ಅಂಕ ಕೊಟ್ಟ ಸಿಬ್ಬಂದಿಗೆ ನೋಟಿಸು ಕೊಡಬಹುದೇ?
– ಓದುಗರು, ಮಂಗಳೂರು

ಉತ್ತರ: ಖಂಡಿತ ಬೇಡ. ಕೊಟ್ಟ ಮರುದಿನದಿಂದಲೇ ಸಿಬ್ಬಂದಿ ‘ಸ್ವಲ್ಪ ಬಲಕ್ಕೆ ಹಾಕಿ’ ಎಂದು ಕೇಳಲು ಶುರುಮಾಡುತ್ತಾರೆ. ವಾರಕ್ಕೆ 20 ನಿಮಿಷ ಎಲ್ಲರೂ ಕುಳಿತು, ಅಂಕ ಇಳಿಯುತ್ತಿರುವವರ ಬಗ್ಗೆ ಮಾತ್ರ ಮಾತಾಡಿ.

ಪ್ರಶ್ನೆ: ನಮ್ಮ ಯಜಮಾನರನ್ನು ಕೇಂದ್ರಕ್ಕೆ ಸೇರಿಸಿದೆವು, ಮೂರನೇ ದಿನಕ್ಕೇ ಮನೆಗೆ ಬಂದರು. ‘ಇಚ್ಛಾಶಕ್ತಿ ಇಲ್ಲ’ ಎಂದರು ಅಲ್ಲಿನವರು. ಕುಡಿತ ಬಿಡಿಸುವ ಮಾತ್ರೆಯನ್ನು ಸಾರಿನಲ್ಲಿ ಬೆರೆಸಿ ಕೊಡಬಹುದೇ?
– ಓದುಗರು, ಸುರತ್ಕಲ್

ಉತ್ತರ: ಬೇಡಮ್ಮ. ತಿಳಿಯದೆ ಮಾತ್ರೆ ತಿಂದವರು ಎಂದಿನಂತೆ ಕುಡಿದರೆ ಪ್ರಾಣಕ್ಕೇ ಅಪಾಯ. ಗೊತ್ತಾದ ದಿನ ನಿಮ್ಮ ಕೈಯ ಊಟದ ಮೇಲೂ ನಂಬಿಕೆ ಹೋಗುತ್ತದೆ.

ಮೊದಲು ಜೀವದ ಮಾತು. ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಮೊದಲ 48 ಗಂಟೆಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಇಲ್ಲದ್ದು ಕಾಣುವುದು, ಯಾರು ಎಲ್ಲಿ ಎಂದು ತಿಳಿಯದಿರುವುದು ಶುರುವಾಗಬಹುದು. ಅಂಥದ್ದು ಕಂಡರೆ ತಡಮಾಡದೆ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗೋ ಹತ್ತಿರದ ದೊಡ್ಡ ಆಸ್ಪತ್ರೆಗೋ ಕರೆದೊಯ್ಯಿರಿ.

ಮೂರನೇ ದಿನವೆಂದರೆ ಮೈಗೆ ಅತಿ ಕಷ್ಟದ ಹೊತ್ತು. ಇಚ್ಛಾಶಕ್ತಿಯನ್ನು ಅಳೆಯುವ ದಿನ ಅದಲ್ಲ. ಕುಡಿಯದ ಹೊತ್ತು ನೋಡಿ, ಬೆಳಗಿನ ಗಂಜಿಯ ನಂತರ, ‘ಅಲ್ಲಿ ಯಾವ ಹೊತ್ತು ಎಲ್ಲಕ್ಕಿಂತ ಕಷ್ಟವಾಯಿತು?’ ಎಂದು ಕೇಳಿ. ‘ಯಾಕೆ ಬಂದಿರಿ?’ ಎಂದರೆ ಜಗಳವಾಗುತ್ತದೆ, ‘ಯಾವ ಹೊತ್ತು?’ ಎಂದರೆ ಉತ್ತರ ಬರುತ್ತದೆ. ‘ರಾತ್ರಿ’ ಎಂದರೆ ನಿದ್ದೆಯ ತೊಂದರೆ, ಅದಕ್ಕೆ ವೈದ್ಯರಲ್ಲಿ ಮದ್ದುಂಟು. ‘ಎಲ್ಲರ ಎದುರು ಬೈದಾಗ’ ಎಂದರೆ ಬೇರೆ ಕಡೆ ಹುಡುಕಿ. ಆ ಉತ್ತರವನ್ನು ಚೀಟಿಯಲ್ಲಿ ಬರೆದು, ಅವರ ಒಪ್ಪಿಗೆಯಿಂದಲೇ ವೈದ್ಯರಿಗೆ ತೋರಿಸಿ. ಯಾರನ್ನು ಕೇಳುವುದೆಂದು ತೋಚದಿದ್ದರೆ 14446 ವ್ಯಸನಮುಕ್ತಿ ಸಹಾಯವಾಣಿ, 14416 ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್. ಎರಡೂ ಉಚಿತ.

ಪ್ರಶ್ನೆ: ಬಿಟ್ಟುಹೋದವರಿಗೆ ಫೋನ್ ಮಾಡಿದರೆ ತಪ್ಪಾಗುತ್ತದೆಯೇ?
– ಓದುಗರು, ಬ್ರಹ್ಮಾವರ

ಉತ್ತರ: ಸೇರುವ ದಿನವೇ ಒಪ್ಪಿಗೆ ಪಡೆದಿದ್ದರೆ ತಪ್ಪಿಲ್ಲ. ಭೇಟಿ ತಪ್ಪಿದ ದಿನವೇ ಸಂಜೆ ಮಾಡಿ. ವಾರ ಕಳೆದರೆ ಅವರು ಮನಸ್ಸಿನಲ್ಲೇ ಬಾಗಿಲು ಹಾಕಿರುತ್ತಾರೆ. ಪರಿಚಯವಿರುವ ಸಿಬ್ಬಂದಿಯೇ ಮಾತಾಡಲಿ: ‘ಇವತ್ತು ನಿಮ್ಮನ್ನು ಕಾಯುತ್ತಿದ್ದೆವು. ನಮ್ಮಿಂದ ಏನಾದರೂ ಹೆಚ್ಚುಕಡಿಮೆಯಾಯಿತೇ?’ ಕುಡಿದದ್ದು ಹೌದೇ ಎಂದು ಕೇಳಬೇಡಿ. ‘ಕುಡಿದಿದ್ದರೂ ಬರಬಹುದು’ ಎಂದು ನೀವೇ ಹೇಳಿ, ಎರಡು ದಿನಗಳಲ್ಲಿ ಒಂದನ್ನು ಆರಿಸಿಕೊಳ್ಳಲು ಬಿಡಿ. ಫೋನ್ ಎತ್ತಿದ್ದು ಮಗನೋ ನೆರೆಯವರೋ ಆಗಿದ್ದರೆ ಕೇಂದ್ರದ ಹೆಸರು ಎತ್ತದೆ, ‘ಮತ್ತೆ ಮಾಡುತ್ತೇವೆ’ ಎಂದಷ್ಟೇ ಹೇಳಿ ಇಟ್ಟುಬಿಡಿ.