ರಕ್ತಕ್ಕೆ ಅವರ ನುಡಿಯಲ್ಲಿ ಏನೆನ್ನುತ್ತಾರೆ?

ಮಾನ್ಯರೇ,

ಭಾಷಾವಿಜ್ಞಾನಿ ಅನ್ವಿತಾ ಅಬ್ಬಿ ಅವರ ಕುರಿತು ನೀವು ಕಳುಹಿಸಿದ ‘ಭಾಷಾಮಾತೆ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಶ್ರಮಪಟ್ಟು ಬರೆದಿದ್ದೀರಿ ಎಂಬುದು ಕಾಣುತ್ತದೆ, ಅದಕ್ಕಾಗಿಯೇ ಕಾರಣಗಳನ್ನೂ ಬರೆಯುತ್ತಿದ್ದೇನೆ.

ಆಗ್ರಾದಲ್ಲಿ ಜನನ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌.ಡಿ., ದೆಹಲಿಯ ಜೆಎನ್‌ಯುನಲ್ಲಿ ಪ್ರಾಧ್ಯಾಪಕಿಯಾಗಿ ಸೇವೆ, 2013ರಲ್ಲಿ ಪದ್ಮಶ್ರೀ. ಇವೆಲ್ಲ ನಿಜವೇ. ಆದರೆ ಓದುತ್ತಿದ್ದರೆ ಸನ್ಮಾನಪತ್ರದಂತಿದೆ, ಶಾಲು ಹೊದಿಸುವುದೊಂದು ಬಾಕಿ. ಭಾಷಾವಿಜ್ಞಾನಿಯ ಬಗ್ಗೆ ಆರು ಪುಟ ಬರೆದಿದ್ದೀರಿ. ಅವರು ವರ್ಷಗಟ್ಟಲೆ ಬೆನ್ನುಹತ್ತಿದ ಅಂಡಮಾನಿನ ನುಡಿಯ ಒಂದೇ ಒಂದು ಪದ ಅದರಲ್ಲಿಲ್ಲ!

ಅಬ್ಬಿ ಅವರೇ ಹೇಳಿಕೊಂಡಿರುವ ಒಂದು ಪ್ರಸಂಗವಿದೆ. ರಕ್ತಕ್ಕೆ ನಿಮ್ಮ ನುಡಿಯಲ್ಲಿ ಏನೆನ್ನುತ್ತೀರಿ ಎಂದು ಅವರು ಆ ನುಡಿ ಬಲ್ಲ ನಾವೊ ಜೂನಿಯರ್ ಎಂಬವರನ್ನು ಕೇಳುತ್ತಾರೆ. ಆತ ಇವರನ್ನು ಪೆದ್ದರನ್ನು ನೋಡುವಂತೆ ನೋಡಿ ಸುಮ್ಮನಾಗುತ್ತಾರೆ. ಪಟ್ಟು ಬಿಡದಿದ್ದಾಗ, ಎಲ್ಲಿಂದ ಬರುತ್ತಿದೆ ಹೇಳಿ ಎನ್ನುತ್ತಾರೆ. ಅಬ್ಬಿ ಏನಾದರೊಂದು ಹೇಳಬೇಕೆಂದು, ಬೆರಳಿನಿಂದ ಎಂದ ಕೂಡಲೇ ಉತ್ತರ ಸಿದ್ಧ: ‘ಓಂಗ್‌ತೇಇ’. ಕಾಲಿನಿಂದ ಬಂದರೆ ‘ಓತೇಇ’, ಒಳಗೇ ಸೋರಿದರೆ ‘ಎತೇಇ’, ಚರ್ಮದ ಮೇಲೆ ಹೆಪ್ಪುಗಟ್ಟಿದರೆ ‘ಎರ್‌ತೇಇ’. ದೇಹವನ್ನು ಏಳು ವಲಯಗಳಾಗಿ ವಿಂಗಡಿಸಿ, ಆ ವಲಯಗಳ ಗುರುತನ್ನು ನಾಮಪದಕ್ಕಷ್ಟೇ ಅಲ್ಲ, ಕ್ರಿಯಾಪದಕ್ಕೂ ಗುಣವಾಚಕಕ್ಕೂ ಅಂಟಿಸುವ ವ್ಯಾಕರಣ ಅದು. ಬಿಡಿಯಾದ ‘ರಕ್ತ’ ಅಲ್ಲಿ ಇಲ್ಲ. ವಿದುಷಿಯೊಬ್ಬರು ತಮ್ಮ ಪ್ರಶ್ನೆಯೇ ತಪ್ಪೆಂದು ತಿಳಿದುಕೊಂಡ ಆ ಗಳಿಗೆ ನಿಮ್ಮ ಮೊದಲ ಪುಟದಲ್ಲಿರಬೇಕಿತ್ತು. ನೀವು ಅಲ್ಲಿ ಅವರ ಜನ್ಮಸ್ಥಳ ಇಟ್ಟಿದ್ದೀರಿ.

‘ಅಳಿಯುತ್ತಿದ್ದ ಭಾಷೆಯನ್ನು ಉಳಿಸಿಕೊಟ್ಟ ಮಹಾತಾಯಿ’ ಎಂಬ ಸಾಲನ್ನು ತೆಗೆಯಿರಿ. ಅವರು ಗ್ರೇಟ್ ಅಂಡಮಾನೀಸ್‌ನ ನಿಘಂಟು (2012) ಕೊಟ್ಟರು, ವ್ಯಾಕರಣ (2013) ಕೊಟ್ಟರು. ದಾಖಲಿಸುವುದು ಬೇರೆ, ಉಳಿಸುವುದು ಬೇರೆ. ಅಂಡಮಾನಿನ ಬೋ ನುಡಿ ಬಲ್ಲ ಕೊನೆಯವರಾದ ಬೋವಾ ಸೀನಿಯರ್ 2010ರ ಜನವರಿಯಲ್ಲಿ ತೀರಿಕೊಂಡಾಗ ಆ ನುಡಿಯೂ ಹೋಯಿತು. ತನ್ನ ನುಡಿಯಲ್ಲಿ ಉತ್ತರಿಸುವವರು ಯಾರೂ ಉಳಿಯದೆ ಆ ಅಜ್ಜಿ ಹಕ್ಕಿಗಳೊಡನೆ ಮಾತನಾಡುತ್ತಿದ್ದರು. ಇಷ್ಟು ಹೇಳಿದರೆ ಸಾಕು. ನೀವು ಅದಕ್ಕೆ ಕಣ್ಣೀರಿನ ಮೂರು ವಾಕ್ಯ ಸೇರಿಸಿದ್ದೀರಿ, ಅಜ್ಜಿ ಮರೆಯಾಗಿ ನೀವೇ ಕಾಣುತ್ತೀರಿ. ಇನ್ನೊಂದು: ಬೋ ಮತ್ತು ಗ್ರೇಟ್ ಅಂಡಮಾನೀಸ್ ಒಂದೇ ಅಲ್ಲ. ಎರಡನೆಯದು ಒಂದು ಭಾಷಾಕುಟುಂಬದ ಹೆಸರು, ಬೋ ಅದರೊಳಗಿನ ಒಂದು ನುಡಿ. ‘65,000 ವರ್ಷ ಹಳೆಯ ಭಾಷೆ’ ಎಂಬುದನ್ನೂ ಕೈಬಿಡಿ. ಆಗಿನ ಪತ್ರಿಕೆಗಳು ಹಾಗೆ ಬರೆದವು, ನಿಜ. ಆದರೆ ಮನುಷ್ಯರು ಅಲ್ಲಿಗೆ ಯಾವಾಗ ಬಂದರು ಎಂಬ ಅಂದಾಜನ್ನು ಅವರ ನುಡಿಯ ವಯಸ್ಸೆಂದು ಹೇಳಲಾಗದು. ‘ಮಹಿಳೆಯಾಗಿದ್ದರೂ’ ಎಂಬ ಪದ ನಾಲ್ಕು ಕಡೆ ಬಂದಿದೆ. ನಾಲ್ಕನ್ನೂ ನಾನೇ ಹೊಡೆದುಹಾಕಿದ್ದೇನೆ.

ನಮ್ಮ ಓದುಗರಿಗೆ ಅಂಡಮಾನ್ ದೂರ ಎಂಬ ಅಳುಕು ನಿಮಗಿದ್ದಂತಿದೆ, ಅದಕ್ಕೇ ಕೊನೆಯಲ್ಲಿ ಕನ್ನಡಾಭಿಮಾನದ ಒಂದು ಪ್ಯಾರಾ ಅಂಟಿಸಿದ್ದೀರಿ. ಬೇಡ. ಅಬ್ಬಿ ಅವರ 1992ರ ಪುಸ್ತಕ ದಕ್ಷಿಣ ಏಷ್ಯಾದ ಭಾಷೆಗಳ ದ್ವಿರುಕ್ತಿಯ ಬಗ್ಗೆಯೇ ಇದೆ. ಹಿಂದಿಯವರು ‘ಚಾಯ್‌ವಾಯ್’ ಎನ್ನುತ್ತಾರೆ, ನಾವು ‘ಕಾಫಿಗೀಫಿ’ ಎನ್ನುತ್ತೇವೆ. ಭಾಷಾಕುಟುಂಬ ಬೇರೆ, ಚಾಳಿ ಒಂದೇ. ‘ಮಳೆಗಿಳೆ ಬಂದೀತು’ ಎಂದು ಕೊಡೆ ಹಿಡಿದು ಹೊರಡುವ ಓದುಗನನ್ನು ಇಲ್ಲಿಂದ ಕರೆದುಕೊಂಡು ಹೋದರೆ ಅಂಡಮಾನಿನವರೆಗೂ ಬರುತ್ತಾನೆ.

ಪ್ರಶಸ್ತಿಗಳಿಗೆ ಒಂದು ವಾಕ್ಯ ಸಾಕು. ಆರು ಪುಟ ಮೂರಾಗಲಿ. ಶೀರ್ಷಿಕೆ ಬದಲಿಸಿ, ಮುಂದಿನ ತಿಂಗಳೊಳಗೆ ಮತ್ತೆ ಕಳುಹಿಸಿ. ಜಾಗ ಇಟ್ಟಿರುತ್ತೇನೆ.

ವಂದನೆಗಳೊಂದಿಗೆ,
ಸಂಪಾದಕ