ಟೆಲಿಫೋನು ಬಂದ ಮೇಲೆ

ಪ್ರಶ್ನೆ: ನಮ್ಮ ಕಾಲೇಜಿನ ಹುಡುಗರು ರಷ್ಯಾದ ಲೇಖಕ ಬುಲ್ಗಾಕೋವ್ ಮೇಲೆ ನಾಟಕ ಕಟ್ಟುತ್ತಿದ್ದಾರೆ. 2011ರಲ್ಲಿ ಲಂಡನ್ನಿನಲ್ಲಿ ಆಡಿದ ಜಾನ್ ಹಾಜ್ ಅವರ ‘ಕೊಲ್ಯಾಬೊರೇಟರ್ಸ್’ ಕತೆ ಕೇಳಿ ಹಿಡಿದ ಹುಚ್ಚು. ಅದರಲ್ಲಿ ಸ್ಟಾಲಿನ್ ಗುಟ್ಟಾಗಿ ಕೂತು ನಾಟಕ ಬರೆಯುತ್ತಾನೆ, ಬುಲ್ಗಾಕೋವ್ ಅವನ ಬದಲು ಸರ್ಕಾರಿ ಫೈಲು ನೋಡುತ್ತಾನೆ. ತಾಲೀಮಿನಲ್ಲಿ ದಿನಾ ಜಗಳ. “ಬೇಂದ್ರೆ ‘ನರಬಲಿ’ ಕವಿತೆ ಬರೆದು ಜೈಲಿಗೆ ಹೋದರು, ಇವನ್ಯಾಕೆ ಬಗ್ಗಿದ? ಹೇಡಿ!” ಅಂತ ಅರ್ಧ ಜನ. ಏನು ಹೇಳಲಿ?
– ಒಬ್ಬ ಉಪನ್ಯಾಸಕಿ, ಗದಗ

ಉತ್ತರ: ಮೇಡಂ, ಮೊದಲು ಒಂದು ಮಾತು. ಆ ಗುಟ್ಟಿನ ಭೇಟಿ ಬರೀ ಕಲ್ಪನೆ. ನಿಜದಲ್ಲಿ ಇಬ್ಬರೂ ಕೂತು ಮಾತಾಡಿದ್ದೇ ಇಲ್ಲ. ನನಗೆ ಅದೇ ಹೆಚ್ಚು ಕಾಡುವ ವಿಷಯ.

1929ರ ಹೊತ್ತಿಗೆ ಬುಲ್ಗಾಕೋವ್‌ನ ನಾಟಕ ಎಲ್ಲೂ ಆಡುವಂತಿರಲಿಲ್ಲ. 1930ರ ಮಾರ್ಚ್‌ನಲ್ಲಿ ಸರ್ಕಾರಕ್ಕೆ ಕಾಗದ ಬರೆದ. ದೇಶ ಬಿಡಲು ಬಿಡಿ, ಇಲ್ಲವೇ ಥಿಯೇಟರಿನಲ್ಲಿ ಕೆಲಸ ಕೊಡಿ, ರಂಗದ ಹಿಂದೆ ಸಾಮಾನು ಹೊರುವ ಕೆಲಸವಾದರೂ ಸರಿ ಅಂತ. (ಮೂವತ್ತು ವರ್ಷ ಪರದೆ ಎಳೆದ ನನಗೆ ಈ ಸಾಲು ಓದಿದಾಗ ಒಂಥರಾ ಆಯಿತು.) ಏಪ್ರಿಲ್ 18ಕ್ಕೆ ಮನೆಗೆ ಫೋನು. ಆ ಕಡೆ ಸ್ಟಾಲಿನ್. ನಿಜವಾಗಿ ಹೊರದೇಶಕ್ಕೆ ಹೋಗಬೇಕಾ, ನಾವು ಅಷ್ಟು ಬೇಸರವಾದೆವಾ ಎಂದು ಕೇಳಿದ. ರಷ್ಯಾದ ಲೇಖಕ ತಾಯ್ನಾಡು ಬಿಟ್ಟು ಬದುಕಲಾರ ಎಂದು ಇವನ ಬಾಯಿಂದ ಬಂತು. ಮಾಸ್ಕೋ ಆರ್ಟ್ ಥಿಯೇಟರಿನಲ್ಲಿ ಸಹಾಯಕ ನಿರ್ದೇಶಕನ ಕೆಲಸ ಸಿಕ್ಕಿತು. ಒಮ್ಮೆ ಕೂತು ಮಾತಾಡೋಣ ಎಂದಿದ್ದ ಸ್ಟಾಲಿನ್. ಇವನು ಆ ಭೇಟಿಗೆ ಕಾದೇ ಕಾದ.

ಹುಡುಗರಿಗೆ ಹೇಳಿ, ರಂಗದ ಮೇಲೆ ಒಂದು ಸ್ಟೂಲು, ಅದರ ಮೇಲೆ ಫೋನು ಇಡಲಿ. ಮತ್ತೆ ಅದು ರಿಂಗಾಗಬಾರದು.

1939ರಲ್ಲಿ ಸ್ಟಾಲಿನ್‌ನ ಹರೆಯದ ಮೇಲೆ ‘ಬಟೂಮ್’ ನಾಟಕ ಬರೆದ. ಆಗಸ್ಟ್‌ನಲ್ಲಿ ಅದರ ಕೆಲಸಕ್ಕೆಂದೇ ರೈಲು ಹತ್ತಿದ. ದಾರಿಯಲ್ಲಿ ತಂತಿ ಬಂತು: ಬರಬೇಕಿಲ್ಲ, ವಾಪಸ್ ಹೋಗಿ. ಬಗ್ಗಿದ್ದೂ ದಕ್ಕಲಿಲ್ಲ. ಮುಂದಿನ ಮಾರ್ಚ್‌ಗೆ ತೀರಿಕೊಂಡ. ಕಣ್ಣು ಮಂಜಾದಾಗಲೂ ಹೆಂಡತಿಗೆ ಹೇಳಿ ಹೇಳಿ ತನ್ನ ‘ಮಾಸ್ಟರ್ ಮತ್ತು ಮಾರ್ಗರೀಟಾ’ ಕಾದಂಬರಿ ತಿದ್ದಿಸುತ್ತಿದ್ದ. ಅದು ಅಚ್ಚಾಗಿದ್ದು 1966ರಲ್ಲಿ, ಅದೂ ಕತ್ತರಿ ಹಾಕಿಸಿಕೊಂಡು.

ಬೇಂದ್ರೆಯವರಿಗೆ ಜೈಲಾಯಿತು, ಆಮೇಲೆ ಧಾರವಾಡದ ಹತ್ತಿರದ ಮುಗದದಲ್ಲಿ ನಜರಬಂದಿ. ಮಾಸ್ತರಿಕೆಯೂ ಹೋಯಿತು. ಕಷ್ಟ ಸಣ್ಣದಲ್ಲ. ಆದರೆ ಎದುರಿಗಿದ್ದವನು ಪರದೇಶಿ ದೊರೆ, ಬೆನ್ನಿಗೆ ಊರಿತ್ತು. ಬುಲ್ಗಾಕೋವ್‌ಗೆ ಊರೇ ಬಾಗಿಲು ಹಾಕಿತ್ತು. ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಇನ್ನು ‘ಹೇಡಿ’ ಅನ್ನುವ ಮಾತು. ಹಾವೇರಿ ಕಡೆ ಒಂದು ಕಚೇರಿಯವರಿಗೆ ಬೀದಿನಾಟಕ ಮಾಡಿಕೊಟ್ಟಿದ್ದೆ. ಕೊಡ ಹಿಡಿದ ಹುಡುಗಿಗೆ ಒಂದೇ ಮಾತು: “ನಳ ಬಂದು ಮೂರು ವರ್ಷ ಆತು, ನೀರು ಯಾವಾಗ ಬರತೈತ್ರಿ?” ಸಾಹೇಬರು ನಕ್ಕು, “ಇದೊಂದು ಬಿಡಿ, ಉಳಿದದ್ದು ಚೆನ್ನಾಗಿದೆ” ಎಂದರು. ಬಿಟ್ಟೆ. ನಾಟಕ ಉದ್ದ ಆಯ್ತಮ್ಮ ಎಂದು ಹುಡುಗಿಗೆ ಹೇಳಿದೆ. ಇಡೀ ನಾಟಕವೇ ಇಪ್ಪತ್ತು ನಿಮಿಷ! ಅವಳು ಹನ್ನೊಂದು ಹಳ್ಳಿಯಲ್ಲಿ ಖಾಲಿ ಕೊಡ ಹಿಡಿದು ಸುಮ್ನೆ ನಿಂತಳು. ನನಗೆ ಯಾವ ಸ್ಟಾಲಿನ್ನೂ ಫೋನು ಮಾಡಿರಲಿಲ್ಲ. ಎರಡು ತಿಂಗಳ ಬಾಡಿಗೆ ಬಾಕಿ ಇತ್ತು, ಅಷ್ಟೇ.

ಪ್ರಶ್ನೆ: ಅದೇ ನಾಟಕದಲ್ಲಿ ನಾನು ಸ್ಟಾಲಿನ್. ಹೇಗೆ ಗದರಬೇಕು ಸರ್?
– ಒಬ್ಬ ವಿದ್ಯಾರ್ಥಿ, ಗದಗ

ಉತ್ತರ: ಗದರಲೇಬೇಡಪ್ಪ. ಬುಲ್ಗಾಕೋವ್‌ನ ‘ಟರ್ಬಿನ್‌ಗಳ ದಿನಗಳು’ ನಾಟಕವನ್ನು ಹದಿನೈದು ಸಲವಾದರೂ ನೋಡಿದ ಅಭಿಮಾನಿ ಅವನು. “ಚಾ ಆಯ್ತಾ?” ಎಂದು ಕೇಳುವ ದನಿಯಲ್ಲೇ ಎಲ್ಲಾ ಮಾತೂ ಹೇಳು. ಮೀಸೆಗೆ ಮಾತ್ರ ಒಳ್ಳೇ ಸ್ಪಿರಿಟ್ ಗಮ್ ಹಾಕಿಸಿಕೋ. ನಮ್ಮ ಕಂಸನ ಮೀಸೆ ಒಮ್ಮೆ ಎರಡನೇ ಅಂಕಕ್ಕೇ ಉದುರಿತ್ತು.